‘ಚೆನ್ನಾಗಿ ಮಾಡುತ್ತಾಳೆ, ಅವಳಿಗೇ ಹೇಳಿ’

(ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಹೆಸರು, ಉದ್ಯೋಗ ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ವಸುಧಾ ಎಂದಿಟ್ಟುಕೊಳ್ಳೋಣ. ವಯಸ್ಸು 39. ಮಧ್ಯ ಕರ್ನಾಟಕದ ಒಂದು ಊರಿನಲ್ಲಿ, ಸಹಕಾರ ಸಂಘದ ಲೆಕ್ಕ ಬರೆಯುವ ಕೆಲಸ. ಪತಿ ಖಾಸಗಿ ಕಂಪನಿಯ ಶಾಖಾ ಕಚೇರಿಯಲ್ಲಿದ್ದಾರೆ. ಎಂಟನೆಯ ತರಗತಿಯ ಮಗ, ಜೊತೆಯಲ್ಲಿ ಅತ್ತೆ, ಮಾವ. ರಾತ್ರಿ ನಿದ್ರೆ ಬಾರದು, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ ಎಂದು ವೈದ್ಯರಲ್ಲಿಗೆ ಹೋಗಿದ್ದರು. ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲವೂ ಸರಿಯಿದ್ದ ಮೇಲೆ ವೈದ್ಯರು ಆಪ್ತಸಲಹೆಗಾರಳಾದ ನನ್ನ ಬಳಿಗೆ ಕಳುಹಿಸಿದರು. ಪರೀಕ್ಷೆಗಳು ಮೊದಲೇ ಮುಗಿದದ್ದು ಒಳ್ಳೆಯದಾಯಿತು. ಥೈರಾಯ್ಡ್ ಹೆಚ್ಚಾದರೂ ರಕ್ತಹೀನತೆ ಇದ್ದರೂ ಎದೆ ಹೀಗೆಯೇ ಬಡಿದುಕೊಳ್ಳುತ್ತದೆ. ಅದು ಮಾತುಕತೆಯಿಂದ ಇಳಿಯುವಂಥದ್ದಲ್ಲ.

ಯಾವ ದಿನ ಹೆಚ್ಚು ಎಂದು ಕೇಳಿದೆ. ಶುಕ್ರವಾರ, ಶನಿವಾರ ಎಂದರು. ವಾರದ ಕೆಲಸ ಮುಗಿಯುವ ಹೊತ್ತಿಗೆ ಆತಂಕ ಏರುವುದೇಕೆ ಎಂದು ವಿಚಾರಿಸಿದರೆ ಉತ್ತರ ಸರಳವಾಗಿತ್ತು. ಮಕ್ಕಳ ಹುಟ್ಟುಹಬ್ಬವನ್ನು ಈಗ ಎಲ್ಲರೂ ಭಾನುವಾರಕ್ಕೆ ಎಳೆದುಕೊಳ್ಳುತ್ತಾರೆ. ಭಾನುವಾರದ ಕೇಕ್ ವಸುಧಾ ಮನೆಯಿಂದಲೇ ಹೋಗಬೇಕು.

ಈ ಹವ್ಯಾಸ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಮಗನ ಹುಟ್ಟುಹಬ್ಬಕ್ಕೆ ಬೇಕರಿಯ ಬಾಗಿಲು ಮುಚ್ಚಿತ್ತು. ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹರಡಿ, ಮೊಸರು ಮತ್ತು ಸೋಡಾ ಹಾಕಿದ ಮೊಟ್ಟೆಯಿಲ್ಲದ ಕೇಕ್ ಬೇಯಿಸಿದ್ದರು. ಆಮೇಲೆ ಓವನ್ ಬಂತು, ಟರ್ನ್‌ಟೇಬಲ್ ಬಂತು, ನಾಝಲ್‌ಗಳ ಡಬ್ಬಿ (ಕ್ರೀಮಿನಲ್ಲಿ ಹೂವು ಬಿಡಿಸುವ ಕೊಳವೆಗಳು) ಬಂತು. ಇದನ್ನೆಲ್ಲ ಹೇಳುವಾಗ ಅವರ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಗುಲಾಬಿ ಸುತ್ತುತ್ತಿತ್ತು. ನಾನು ಟಿಪ್ಪಣಿಯಲ್ಲಿ ಅದನ್ನೇ ಮೊದಲು ಬರೆದುಕೊಂಡೆ. ಕೆಲಸದ ಮೇಲಿನ ಪ್ರೀತಿ ಇನ್ನೂ ಇದೆ.

ಆಮೇಲೆ ಶುರುವಾಯಿತು ಹೊಗಳಿಕೆ. ಓಣಿಯವರು, ಕಚೇರಿಯವರು, ಪತಿಯ ಮ್ಯಾನೇಜರ್, ಮಾವನ ವಾಕಿಂಗ್ ಗೆಳೆಯರು. ‘ಬೇಕರಿಯದು ಯಾಕೆ, ವಸುಧಾ ಚೆನ್ನಾಗಿ ಮಾಡುತ್ತಾಳೆ, ಅವಳಿಗೇ ಹೇಳಿ.’ ಹಣ ಕೊಡುವ ಮಾತನ್ನು ಯಾರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಹೊಗಳಿದವರೆಲ್ಲ ಸೇರಿ ಆಕೆಯನ್ನು ಹೊನ್ನಶೂಲಕ್ಕೆ ಏರಿಸಿದ್ದರು.

ಕುಸಿತ ಬಂದದ್ದು ಮೇ ತಿಂಗಳಲ್ಲಿ. ಬೇರೆ ಊರಿನಲ್ಲಿರುವ ನಾದಿನಿಯ ಮಗಳ ಹುಟ್ಟುಹಬ್ಬಕ್ಕೆ ಎರಡು ಅಂತಸ್ತಿನ ಗುಲಾಬಿ ಬಣ್ಣದ ಕೇಕ್. ಮಟಮಟ ಮಧ್ಯಾಹ್ನ ಎರಡು ತಾಸಿನ ಕಾರು ಪ್ರಯಾಣ. ಡಬ್ಬ ತೆರೆದಾಗ ಮೇಲಿನ ಅಂತಸ್ತು ಒಂದು ಪಕ್ಕಕ್ಕೆ ಜಾರಿ, ಕ್ರೀಮ್ ಡಬ್ಬದ ಗೋಡೆಗೆ ಮೆತ್ತಿಕೊಂಡಿತ್ತು. ನೆಂಟರೆದುರು ನಾದಿನಿ ಹೇಳಿದ್ದು ಒಂದೇ ಮಾತು: ‘ಅಂಗಡಿಯಿಂದ ತರಿಸಿದ್ದರೆ ಈ ಪಾಡು ಇರುತ್ತಿರಲಿಲ್ಲ ಅತ್ತಿಗೆ.’ ಅಂದಿನಿಂದ ವಸುಧಾಗೆ ನಿದ್ರೆ ಹೋಯಿತು. ಕೇಕ್ ಮಾಡುವುದು ಮಾತ್ರ ನಿಲ್ಲಲಿಲ್ಲ.

ಶನಿವಾರ ರಾತ್ರಿ ಅಡುಗೆಮನೆಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಲು ಕೇಳಿಕೊಂಡೆ. ಟರ್ನ್‌ಟೇಬಲ್ ತಿರುಗಿಸುತ್ತ ಸ್ಕ್ರೇಪರ್ ಹಿಡಿದು ಬದಿಯನ್ನು ನುಣುಪು ಮಾಡುತ್ತಾರೆ. ಕೂದಲೆಳೆಯಷ್ಟು ಗೀರು ಕಾಣುತ್ತದೆ. ಕ್ರೀಮ್ ಹಚ್ಚಿ ಮತ್ತೆ ಎಳೆಯುತ್ತಾರೆ. ಗೀರು ಹೋಗಿ ಇನ್ನೊಂದು ಕಡೆ ಗುಳಿ ಬೀಳುತ್ತದೆ. ಹೀಗೆ ಎಳೆದೆಳೆದು ಕ್ರೀಮ್ ಹೊಳಪು ಕಳೆದುಕೊಂಡು ರವೆರವೆಯಾಗುತ್ತದೆ. ಆಗ ಅಷ್ಟನ್ನೂ ಕೆರೆದು ತೆಗೆದು, ಫ್ರಿಜ್ಜಿನಿಂದ ಬೇರೆ ಕ್ರೀಮ್ ತೆಗೆದು, ಹೊಸದಾಗಿ ಬೀಟ್ ಮಾಡುತ್ತಾರೆ. ಗಂಟೆ ಒಂದು ದಾಟಿರುತ್ತದೆ. ಕೇಕ್ ಹೋದ ಮೇಲೂ ಮೊಬೈಲಿನಲ್ಲಿ ಅದರ ಚಿತ್ರವನ್ನು ದೊಡ್ಡದು ಮಾಡಿ ಕೊರತೆ ಹುಡುಕುತ್ತಾರೆ. ‘ಜಾಸ್ತಿ ಮುಟ್ಟಿದರೆ ಕೆಡುತ್ತದೆ ಎಂದು ನನಗೆ ಗೊತ್ತು ಮೇಡಂ, ಕೈ ನಿಲ್ಲುವುದಿಲ್ಲ.’

ಆತಂಕದ ಸುಳಿ ಇದೇ. ಸರಿಪಡಿಸಿದಾಗ ಒಂದು ಕ್ಷಣ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯ ಆಸೆಗೆ ಮನಸ್ಸು ಮತ್ತೆ ಕೊರತೆ ಹುಡುಕುತ್ತದೆ. ‘ನಿಮ್ಮ ಕೇಕ್ ಚೆನ್ನಾಗಿದೆ, ಚಿಂತೆ ಬಿಡಿ’ ಎಂದು ನಾನು ಹೇಳಿದ್ದರೆ ಹೊಗಳುವವರ ಸಾಲಿಗೆ ಇನ್ನೊಬ್ಬಳು ಸೇರಿದಂತಾಗುತ್ತಿತ್ತು, ಅಷ್ಟೇ.

ಬದಲಿಗೆ ಒಂದು ಪಾಠ ಕೇಳಿದೆ. ಕಲಿಯಲು ಬಂದ ಹುಡುಗಿಯೊಬ್ಬಳು ಇದೇ ಕೇಕನ್ನು ಹೀಗೆಯೇ ಒಯ್ದು ಕೆಡಿಸಿಕೊಂಡರೆ ಅವಳಿಗೆ ಏನು ಹೇಳುತ್ತೀರಿ? ವಸುಧಾ ನೆಟ್ಟಗೆ ಕುಳಿತರು. ವಿಪ್ಪಿಂಗ್ ಕ್ರೀಮ್ ತಣ್ಣಗಿದ್ದಾಗ ಮಾತ್ರ ಆಕಾರ ಹಿಡಿದಿರುತ್ತದೆ, ಬಿಸಿಲಿಗೆ ಅದರೊಳಗಿನ ಗಾಳಿ ಬಿಟ್ಟುಕೊಳ್ಳುತ್ತದೆ. ಬೇಸಿಗೆಗೆ ಗನಾಶ್ (ಬಿಸಿ ಕ್ರೀಮಿನಲ್ಲಿ ಚಾಕೊಲೇಟ್ ಕರಗಿಸಿದ ಲೇಪ) ಮೇಲು, ಅದೂ ಒಂದು ಪಾಲು ಕ್ರೀಮಿಗೆ ಎರಡು ಪಾಲು ಚಾಕೊಲೇಟ್ ಹಾಕಿ ಗಟ್ಟಿ ಮಾಡಿದ್ದು. ಮೇಲಿನ ಅಂತಸ್ತಿನ ಭಾರ ಹೊರಲು ಕೆಳಗಿನದಕ್ಕೆ ಕಡ್ಡಿ ಊರಬೇಕು. ಅಂತಸ್ತುಗಳನ್ನು ಬೇರೆ ಬೇರೆಯಾಗಿ ಒಯ್ದು ಅಲ್ಲಿಯೇ ಜೋಡಿಸಬೇಕು. ಕಾರಿನ ಸೀಟು ಇಳಿಜಾರು, ಡಬ್ಬವನ್ನು ಕಾಲಿಡುವ ಜಾಗದಲ್ಲಿ ಸಮತಟ್ಟಾಗಿ ಇಡಬೇಕು. ‘ಹುಡುಗಿಯದು ಏನು ತಪ್ಪು? ಆ ಬಿಸಿಲಿಗೆ ಕ್ರೀಮ್ ಕೇಕ್ ಒಪ್ಪಿಕೊಂಡದ್ದೇ ತಪ್ಪು’ ಎಂದು ಮುಗಿಸಿದರು.

ಹಾಗಾದರೆ ಒಪ್ಪಿಕೊಂಡದ್ದೇಕೆ ಎಂದೆ. ಗನಾಶ್ ಮಾಡುತ್ತೇನೆ ಎಂದೇ ಹೇಳಿದ್ದರಂತೆ. ಕಂದು ಬಣ್ಣ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ, ಗುಲಾಬಿಯೇ ಬೇಕು ಎಂದರಂತೆ ನಾದಿನಿ. ಇವರು ‘ಹೂಂ’ ಎಂದರಂತೆ. ನಮ್ಮ ಕೆಲಸ ಎಲ್ಲಿದೆ ಎಂಬುದು ಅಲ್ಲಿಗೆ ಇಬ್ಬರಿಗೂ ಸ್ಪಷ್ಟವಾಯಿತು. ಸ್ಕ್ರೇಪರ್ ಹಿಡಿಯುವ ಕೈಗೆ ಕಲಿಸಬೇಕಾದದ್ದು ಏನೂ ಇರಲಿಲ್ಲ.

ಕೊಟ್ಟ ಮೊದಲ ಅಭ್ಯಾಸ: ಮನೆಯವರಿಗಷ್ಟೇ ಅರ್ಧ ಕಿಲೋದ ಕೇಕ್. ಬದಿ ನುಣುಪು ಮಾಡಲು ಗಡಿಯಾರ ನೋಡಿಕೊಂಡು ಐದು ನಿಮಿಷ. ಒಂದು ಗೀರನ್ನು ಬೇಕೆಂದೇ ಉಳಿಸಬೇಕು. ಅದನ್ನು ಹಿಂಬದಿಗೆ ತಿರುಗಿಸಿ ಮುಚ್ಚುವಂತಿಲ್ಲ, ಎದುರಿಗೇ ಇರಬೇಕು. ಆತಂಕಕ್ಕೆ ಹತ್ತರಲ್ಲಿ ಎಷ್ಟು ಅಂಕವೆಂದು ಆಗಾಗ ಬರೆದಿಡಬೇಕು. ಎಂಟರಲ್ಲಿ ಶುರುವಾದದ್ದು ಕತ್ತರಿಸುವ ಹೊತ್ತಿಗೆ ನಾಲ್ಕಕ್ಕೆ ಇಳಿದಿತ್ತು. ಅತ್ತೆ ಕಂಡುಹಿಡಿದರು: ‘ಇದೇನು ವಸುಧಾ, ಇಲ್ಲಿ ಗೀರು?’ ಎಂದು ಕೇಳಿ, ಎರಡು ತುಂಡು ತಿಂದರು. ಯಾರೂ ಗಮನಿಸದೆ ಹೋಗಿದ್ದರೆ ಅಭ್ಯಾಸದಿಂದ ಇಷ್ಟು ಲಾಭವಾಗುತ್ತಿರಲಿಲ್ಲ.

ಎರಡನೆಯದು ಲೆಕ್ಕ. ಸಂಘದ ಪ್ರತಿ ಪೈಸೆಗೂ ವೋಚರ್ ಇಡುವ ಈ ಹೆಂಗಸು ಕೇಕಿಗೆ ಮಾತ್ರ ಲೆಕ್ಕ ಇಟ್ಟಿರಲಿಲ್ಲ. ಕ್ರೀಮ್, ಚಾಕೊಲೇಟ್, ಬಣ್ಣ, ಬೋರ್ಡು, ಡಬ್ಬ, ವಿದ್ಯುತ್ ಎಲ್ಲ ಕೂಡಿಸಿ ಕಳೆದ ವರ್ಷದ್ದನ್ನು ಅಂದಾಜಿಸಿ ತಂದರು. ಒಂದು ತಿಂಗಳ ಸಂಬಳವನ್ನು ಮೀರಿತ್ತು. ಆ ಹಾಳೆಯನ್ನು ನಾನು ಕೇಳಿದ್ದು ಪತಿಗೆ ತೋರಿಸಲು.

ಪತಿ ಬಂದರು. ಒಳ್ಳೆಯ ಮನುಷ್ಯ, ತುಸು ಗಲಿಬಿಲಿಗೊಂಡಿದ್ದರು. ‘ಹೆಮ್ಮೆಯಿಂದ ಒಪ್ಪಿಕೊಂಡು ಬರುತ್ತಿದ್ದೆ ಮೇಡಂ. ಇವಳು ಒಂದು ದಿನವೂ ಆಗುವುದಿಲ್ಲ ಎಂದವಳಲ್ಲ.’ ವಸುಧಾ ತಲೆ ಎತ್ತಿದರು: ‘ನೀವು ಮಾತು ಕೊಟ್ಟು ಬಂದ ಮೇಲೆ ನಾನು ಹೇಗೆ ಬೇಡವೆನ್ನಲಿ ರೀ?’ ಅಲ್ಲಿ ಒಂದು ಒಪ್ಪಂದವಾಯಿತು. ಹೆಂಡತಿಯ ಪರವಾಗಿ ಅವರು ಇನ್ನು ಯಾರಿಗೂ ಹೂಂ ಎನ್ನುವುದಿಲ್ಲ. ‘ಕೇಳಿ ಹೇಳುತ್ತೇನೆ’ ಎನ್ನುತ್ತಾರೆ.

‘ಹಾಗಾದರೆ ದುಡ್ಡು ತೆಗೆದುಕೊಂಡೇ ಮಾಡಲಿ’ ಎಂದೂ ಅವರು ಸೂಚಿಸಿದರು. ಯಾವ ಹವ್ಯಾಸ ಕಂಡರೂ ಇದನ್ನು ವ್ಯಾಪಾರ ಮಾಡಬಾರದೇಕೆ ಎಂದು ಕೇಳುವ ಕಾಲವಿದು, ನನಗೆ ಇದರ ಬಗ್ಗೆ ಸ್ವಲ್ಪ ಸಿಟ್ಟಿದೆ. ಮನೆಯಿಂದ ಮಾರುವವರಿಗೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಹೊತ್ತಿಗೆ ಸರಿಯಾಗಿ ತಲುಪಿಸಬೇಕು, ಹಣ ಕೊಟ್ಟವರು ದೂರಿದರೆ ಕೇಳಬೇಕು. ಗೀರು ಕಂಡರೆ ಎದೆ ಹೊಡೆದುಕೊಳ್ಳುವವರಿಗೆ ಅದು ಔಷಧವಲ್ಲ. ನಿದ್ರೆ ಸರಿಹೋಗಿ ಕೆಲವು ತಿಂಗಳು ಕಳೆಯುವವರೆಗೆ ಈ ವಿಚಾರ ಬೇಡ ಎಂದೆ.

ನಿರಾಕರಿಸುವುದನ್ನು ನಾವು ಜೋರಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆವು. ನಾನು ನೆರೆಮನೆಯಾಕೆಯಾದೆ, ನಾದಿನಿಯಾದೆ. ‘ಈ ತಿಂಗಳು ಆಗುವುದಿಲ್ಲ’ ಎಂದು ನಿಲ್ಲಿಸಬೇಕು, ಕಾರಣ ಸೇರಿಸಬಾರದು. ಹುಷಾರಿಲ್ಲ ಎಂದರೆ ‘ಚಿಕ್ಕದೇ ಮಾಡಿ’ ಎನ್ನುತ್ತಾರೆ, ಸಾಮಾನಿಲ್ಲ ಎಂದರೆ ‘ನಾವು ತಂದುಕೊಡುತ್ತೇವೆ’ ಎನ್ನುತ್ತಾರೆ. ಕೊಟ್ಟ ಕಾರಣಕ್ಕೆಲ್ಲ ಪರಿಹಾರ ಹುಡುಕುವುದರಲ್ಲಿ ನಮ್ಮ ಜನ ಗಟ್ಟಿಗರು. ತಿಂಗಳಿಗೆ ಒಂದೇ ಕೇಕ್, ಯಾರಿಗೆ, ಯಾವ ಬಗೆಯದು ಎಂಬುದು ವಸುಧಾ ಅವರದೇ ಆಯ್ಕೆ ಎಂದು ನಿಗದಿಯಾಯಿತು. ರಾತ್ರಿ ಹತ್ತರ ನಂತರ ಅಡುಗೆಮನೆಯ ದೀಪ ಆರಬೇಕು. ತೀರ ತಳಮಳವಾದ ರಾತ್ರಿಗೆ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೊಟ್ಟೆ. ನಿದ್ರೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣುವುದೆಂದೂ ಮಾತಾಗಿತ್ತು. ಆ ಅಗತ್ಯ ಬೀಳಲಿಲ್ಲ.

ನಾದಿನಿಯ ಮುನಿಸು ಹಾಗೆಯೇ ಇದೆ. ವಸುಧಾ ಆಗಲೇ ಹಲವು ಸಲ ಕ್ಷಮೆ ಕೇಳಿದ್ದರು. ಇನ್ನೊಮ್ಮೆ ಕೇಳಬೇಡಿ, ಪ್ರಾಯಶ್ಚಿತ್ತವೆಂದು ಇನ್ನೊಂದು ಕೇಕ್ ಕಳುಹಿಸಲೂ ಬೇಡಿ, ಫೋನು ಬಂದರೆ ಮಗಳ ಓದು, ಮಳೆ, ಬೆಳೆ ಮಾತನಾಡಿ ಎಂದಿದ್ದೇನೆ.

ಈಚಿನ ಭೇಟಿಯಲ್ಲಿ ಇಬ್ಬರೂ ಬಂದಿದ್ದರು. ಮ್ಯಾನೇಜರ್ ಮನೆಯ ಸಮಾರಂಭಕ್ಕೆ ಮತ್ತೆ ಕೇಳಿಕೆ ಬಂದಿತ್ತಂತೆ. ಪತಿ ‘ಕೇಳಿ ಹೇಳುತ್ತೇನೆ ಸರ್’ ಎಂದರು, ವಸುಧಾ ಆಗುವುದಿಲ್ಲ ಎಂದರು, ಪತಿ ಬೇಕರಿಯಿಂದ ಒಂದು ಕೇಕ್ ಕೊಂಡು ಒಯ್ದುಕೊಟ್ಟರು. ಸೋಮವಾರ ಕಚೇರಿಯಲ್ಲಿ ಮ್ಯಾನೇಜರ್, ‘ಕೇಕ್ ಬಹಳ ಚೆನ್ನಾಗಿತ್ತು, ಮೇಡಂಗೆ ಹೇಳಿ’ ಎಂದರಂತೆ.