ಟರ್ಮಿನಲ್‌ನಲ್ಲಿ ಅರ್ಧಕ್ಕೆ ನಿಂತ ಹಲವು ಇಮೇಲ್ ಕರಡುಗಳನ್ನು ಹೇಗೆ ಕಾಪಾಡಿಕೊಳ್ಳುವುದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ನೀವು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ಕೆಲಸ ನಡೆಸುವ ಕಿಟಕಿಯಲ್ಲಿ, ‘ಮೇಲ್‌ಎಕ್ಸ್’ ಎಂಬ ಇಮೇಲ್ ಪ್ರೋಗ್ರಾಂ ಬಳಸುತ್ತೀರಿ, ಒಂದೇ ಹೊತ್ತಿಗೆ ಐದಾರು ಪತ್ರಗಳು ಅರೆಬರೆಯಾಗಿ ಉಳಿದಿರುತ್ತವೆ, ಒಂದನ್ನು ನಿಲ್ಲಿಸಿ ಇನ್ನೊಂದಕ್ಕೆ ಕೈಹಾಕಿದರೆ ಮೊದಲನೆಯದು ಅಳಿಸಿಹೋಗುತ್ತದೆ. ಅಂಥದೇ ಇನ್ನೊಂದು ಪ್ರೋಗ್ರಾಂ ಆದ ‘ಮಟ್’ಗೆ ಬದಲಾದರೆ ಈ ತೊಂದರೆ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಮಟ್‌ನ ಕರಡು ಪೆಟ್ಟಿಗೆಯನ್ನೇ ಎಲ್ಲದಕ್ಕೂ ನೆಚ್ಚಿಕೊಂಡರೆ ಬೇರೊಂದು ರೀತಿಯಲ್ಲಿ ಕರಡು ಕಳೆದುಕೊಳ್ಳುತ್ತೀರಿ, ನಾನು ಕಳೆದುಕೊಂಡಿದ್ದೇನೆ.

ಮೊದಲು ಮೇಲ್‌ಎಕ್ಸ್‌ನಲ್ಲಿ ಆಗುತ್ತಿರುವುದೇನು ಎಂದು ನೋಡೋಣ. ಪತ್ರ ಬರೆಯುತ್ತಿರುವಾಗ ಕಂಟ್ರೋಲ್-ಸಿ ಒತ್ತಿದರೆ, ಇನ್ನೊಮ್ಮೆ ಒತ್ತಿದರೆ ಪತ್ರ ರದ್ದಾಗುತ್ತದೆ ಎಂಬ ಎಚ್ಚರಿಕೆ ಬರುತ್ತದೆ. ಎರಡನೆಯ ಸಲ ಒತ್ತಿದಾಗ ಅಲ್ಲಿಯವರೆಗೆ ಬರೆದದ್ದು ನಿಮ್ಮ ಹೋಮ್ ಡೈರೆಕ್ಟರಿಯ ‘ಡೆಡ್.ಲೆಟರ್’ ಎಂಬ ಕಡತಕ್ಕೆ ಹೋಗುತ್ತದೆ. ಆ ಕಡತ ಒಂದೇ ಒಂದು. ಮುಂದಿನ ಪತ್ರವನ್ನು ಹಾಗೆಯೇ ನಿಲ್ಲಿಸಿದರೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ. ಗ್ನೂ ಮೇಲ್‌ಯುಟಿಲ್ಸ್ ಎಂಬ ಕಟ್ಟಿನ ಜೊತೆ ಬರುವ ಮೇಲ್‌ಎಕ್ಸ್‌ನಲ್ಲಿ ‘ಅಪೆಂಡ್‌ಡೆಡ್‌ಲೆಟರ್’ ಎಂಬ ವೇರಿಯಬಲ್ (ಸೆಟ್ಟಿಂಗ್) ಹಾಕಿ ಹಳೆಯದರ ಕೆಳಗೆ ಹೊಸದನ್ನು ಸೇರಿಸುತ್ತ ಹೋಗಬಹುದು, ಆದರೆ ಐದು ಪತ್ರಗಳು ಒಂದೇ ಕಡತದಲ್ಲಿ ಅಂಟಿಕೊಂಡಿರುವುದನ್ನು ಬಿಡಿಸುವ ಕೆಲಸ ಯಾರಿಗೂ ಬೇಡ. ಮೇಲ್‌ಎಕ್ಸ್‌ನಲ್ಲಿಯೇ ಉಳಿಯುವುದಾದರೆ, ಸಾಲಿನ ಮೊದಲಿಗೆ ಟಿಲ್ಡ್ (~) ಚಿಹ್ನೆ, ‘ಡಬ್ಲ್ಯು’ ಮತ್ತು ಒಂದು ಕಡತದ ಹೆಸರು ಕೊಟ್ಟು ಬರೆದದ್ದನ್ನು ಹೊರಗೆ ಉಳಿಸಿ, ಮತ್ತೊಂದು ದಿನ ಟಿಲ್ಡ್ ಮತ್ತು ‘ಆರ್’ ಕೊಟ್ಟು ಅದನ್ನು ಒಳಗೆ ತರಬಹುದು. ಹೀಗೆ ಉಳಿಯುವುದು ಪತ್ರದ ಒಡಲು ಮಾತ್ರ. ಯಾರಿಗೆ, ಯಾವ ವಿಷಯ ಎಂಬುದನ್ನು ಮತ್ತೆ ನೀವೇ ತುಂಬಬೇಕು.

ಮಟ್‌ನಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಮೇಲ್‌ಬಾಕ್ಸ್ ಇದೆ. ಎಡಿಟರ್‌ನಿಂದ ಹೊರಬಂದ ಮೇಲೆ ಕಾಣುವ ಪರದೆಯಲ್ಲಿ ದೊಡ್ಡಕ್ಷರದ ‘ಪಿ’ ಒತ್ತಿದರೆ ಪತ್ರ ಆ ಮೇಲ್‌ಬಾಕ್ಸ್‌ಗೆ ಹೋಗುತ್ತದೆ, ಪತ್ರಗಳ ಪಟ್ಟಿಯಲ್ಲಿ ದೊಡ್ಡಕ್ಷರದ ‘ಆರ್’ ಒತ್ತಿದರೆ ಹಿಂದಿರುಗುತ್ತದೆ. ಒಂದೇ ಕರಡಿದ್ದರೆ ನೇರವಾಗಿ ತೆರೆದುಕೊಳ್ಳುತ್ತದೆ, ಒಂದಕ್ಕಿಂತ ಹೆಚ್ಚಿದ್ದರೆ ಪಟ್ಟಿ ಬರುತ್ತದೆ. ಶೆಲ್‌ನಿಂದಲೇ ‘ಮಟ್ -ಪಿ’ ಎಂದು ಕೊಟ್ಟರೂ ಅದೇ ಫಲ. ಯಾವ ಪತ್ರಕ್ಕೆ ಉತ್ತರವಾಗಿ ಬರೆಯುತ್ತಿದ್ದಿರಿ ಎಂಬ ಕೊಂಡಿಯೂ ಕರಡಿನ ಜೊತೆಗೇ ಉಳಿಯುವುದರಿಂದ, ವಾರದ ನಂತರ ಕಳಿಸಿದರೂ ಉತ್ತರವು ಮೂಲ ಸಂಭಾಷಣೆಯ ಸಾಲಿನಲ್ಲೇ ಸೇರುತ್ತದೆ. ಉತ್ತರಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಈ ಪಟ್ಟಿ ಉಪಯೋಗಕ್ಕೆ ಬರಬೇಕಾದರೆ ಪತ್ರವನ್ನು ನಿಲ್ಲಿಸುವ ಮೊದಲೇ ವಿಷಯದ ಸಾಲನ್ನು ತುಂಬಿರಬೇಕು. ನಾನು ಒಮ್ಮೆ ಪಟ್ಟಿ ತೆರೆದಾಗ ಒಂಬತ್ತು ಕರಡುಗಳಿದ್ದವು, ಅವುಗಳಲ್ಲಿ ನಾಲ್ಕಕ್ಕೆ ವಿಷಯವೇ ಇರಲಿಲ್ಲ, ಆ ನಾಲ್ಕರಲ್ಲಿ ಮೂರು ಒಬ್ಬರಿಗೇ ಬರೆದವು. ಈಗ ಕಳಿಸುವಾಗ ತಿದ್ದಿಕೊಂಡರಾಯಿತೆಂದು ‘ಬೆಲೆ ಕೇಳಬೇಕು, ಎರಡನೇ ಪ್ಯಾರಾ ಬಾಕಿ’ ಎಂಬಂಥ ಸಾಲನ್ನಾದರೂ ಹಾಕಿಡುತ್ತೇನೆ. ಅದನ್ನು ತಿದ್ದದೆ ಒಂದು ಸಲ ಕಳಿಸಿಯೂ ಇದ್ದೇನೆ, ಅದು ಬೇರೆ ಮಾತು.

ಮೂಲ ಸೆಟ್ಟಿಂಗ್‌ನಲ್ಲಿ ಕರಡುಗಳು ಹೋಮ್ ಡೈರೆಕ್ಟರಿಯ ‘ಪೋಸ್ಟ್‌ಪೋನ್ಡ್’ ಎಂಬ ಕಡತಕ್ಕೆ ಹೋಗುತ್ತವೆ. ಅದೇ ಹೆಸರಿನ ವೇರಿಯಬಲ್‌ಗೆ ಐಮ್ಯಾಪ್ ಸರ್ವರಿನ (ಪತ್ರಗಳನ್ನು ತನ್ನಲ್ಲೇ ಇಟ್ಟುಕೊಂಡು ನಿಮ್ಮ ಎಲ್ಲ ಸಾಧನಗಳಿಗೂ ತೋರಿಸುವ ಸರ್ವರಿನ) ‘ಡ್ರಾಫ್ಟ್ಸ್’ ಫೋಲ್ಡರನ್ನು ಕೊಟ್ಟರೆ ಫೋನಿನಲ್ಲೂ ಕಾಣಿಸುತ್ತವೆ, ಆದರೆ ಒಂದೇ ಕರಡನ್ನು ಎರಡು ಕಡೆ ತೆರೆಯಬೇಡಿ. ಐಮ್ಯಾಪ್‌ನಲ್ಲಿ ಒಮ್ಮೆ ಇಟ್ಟ ಪತ್ರವನ್ನು ತಿದ್ದಲು ಬರುವುದಿಲ್ಲ. ಪ್ರತಿ ಸಲ ಉಳಿಸಿದಾಗಲೂ ಹೊಸ ಪ್ರತಿಯೊಂದನ್ನು ಸೇರಿಸಿ ಹಳೆಯದನ್ನು ಅಳಿಸಲಾಗುತ್ತದೆ. ಎರಡು ಕಡೆ ತೆರೆದಾಗ ಒಂದೇ ಪತ್ರದ ಎರಡು ಮೂರು ಪ್ರತಿಗಳು ಹುಟ್ಟಿಕೊಳ್ಳುವುದು ಈ ಕಾರಣದಿಂದಲೇ. ಇನ್ನು ‘ರಿಕಾಲ್’ ಎಂಬ ವೇರಿಯಬಲ್ಲಿಗೆ ‘ನೋ’ ಎಂದು ಕೊಡಿ. ಇಲ್ಲವಾದರೆ ಹೊಸ ಪತ್ರ ಆರಂಭಿಸಿದಾಗಲೆಲ್ಲ ಹಳೆಯ ಕರಡನ್ನು ತೆರೆಯಲೇ ಎಂದು ಮಟ್ ಕೇಳುತ್ತದೆ, ಸುಮ್ಮನೆ ಎಂಟರ್ ಒತ್ತಿದರೆ ಹೌದೆಂದು ತಿಳಿಯುತ್ತದೆ, ಹೊಸಬರಿಗೆ ಬರೆಯಲು ಹೊರಟವರು ಹಳೆಯ ಪತ್ರದೊಳಗೆ ಬಿದ್ದಿರುತ್ತಾರೆ.

ನಾನು ಕರಡು ಕಳೆದುಕೊಂಡದ್ದು ಇಲ್ಲಿಯೇ. ಕರಡನ್ನು ಹಿಂದಕ್ಕೆ ಕರೆದ ಕೂಡಲೇ ಮಟ್ ಅದನ್ನು ಆ ಮೇಲ್‌ಬಾಕ್ಸ್‌ನಿಂದ ತೆಗೆದುಹಾಕುತ್ತದೆ. ಆಮೇಲೆ ಅದು ಇರುವುದು ತಾತ್ಕಾಲಿಕ ಕಡತವೊಂದರಲ್ಲಿ ಮಾತ್ರ. ಹಿಂದೆ ಏನು ಬರೆದಿದ್ದೆ ಎಂದು ನೋಡುವುದಕ್ಕಷ್ಟೇ ತೆರೆದು, ‘ಕ್ಯು’ ಒತ್ತಿ, ಪತ್ರವನ್ನು ಮುಂದೂಡಲೇ ಎಂಬ ಪ್ರಶ್ನೆಗೆ ಅವಸರದಲ್ಲಿ ‘ಎನ್’ ಒತ್ತಿದೆ. ನಾನೇನೂ ಬದಲಿಸಿಲ್ಲ, ಇದ್ದದ್ದು ಇದ್ದ ಹಾಗೇ ಇರುತ್ತದೆ ಎಂದುಕೊಂಡಿದ್ದೆ. ಎರಡು ಸಂಜೆ ಕೂತು ಬರೆದ ಪತ್ರ ಹೋಯಿತು. ಅಂದಿನಿಂದ ನೋಡುವುದಷ್ಟೇ ಇದ್ದರೆ ಆ ಮೇಲ್‌ಬಾಕ್ಸನ್ನು ಉಳಿದ ಮೇಲ್‌ಬಾಕ್ಸ್‌ಗಳಂತೆ ‘ಸಿ’ ಒತ್ತಿ ತೆರೆದು ಓದುತ್ತೇನೆ. ಅಲ್ಲಿಂದಲೇ ಬರವಣಿಗೆ ಮುಂದುವರಿಸಬೇಕಾದರೆ ಎಸ್ಕೇಪ್ ಮತ್ತು ‘ಇ’ ಒತ್ತುತ್ತೇನೆ. ಆಗ ಆ ಪತ್ರವನ್ನು ಮಾದರಿಯಾಗಿಟ್ಟುಕೊಂಡು ಹೊಸದೊಂದು ತೆರೆಯುತ್ತದೆ, ಮೂಲ ಅಲ್ಲೇ ಇರುತ್ತದೆ. ‘ಟಿಎಂಪಿಡಿಐಆರ್’ ವೇರಿಯಬಲ್ಲಿಗೆ ಹೋಮ್ ಡೈರೆಕ್ಟರಿಯ ಒಳಗಿನ ಜಾಗವೊಂದನ್ನು ಕೊಡುವುದೂ ಒಳ್ಳೆಯದು, ಏಕೆಂದರೆ ಸಿಸ್ಟಮ್ಮಿನ ತಾತ್ಕಾಲಿಕ ಡೈರೆಕ್ಟರಿ ಅನೇಕ ಕಡೆ ರೀಬೂಟ್ ಆದಾಗ ಬರಿದಾಗುತ್ತದೆ.

ಲಗತ್ತುಗಳ ಬಗ್ಗೆಯೂ ಒಂದು ಮಾತು. ಪತ್ರವನ್ನು ಮುಂದೂಡಿದಾಗ ಲಗತ್ತಿಸಿದ ಕಡತದ ಆ ಕ್ಷಣದ ಪ್ರತಿ ಕರಡಿನೊಳಗೆ ಸೇರಿಬಿಡುತ್ತದೆ. ಡಿಸ್ಕಿನಲ್ಲಿರುವ ಕಡತವನ್ನು ನಂತರ ಎಷ್ಟೇ ತಿದ್ದಿದರೂ ಕರಡಿನಲ್ಲಿರುವುದು ಹಳೆಯದೇ, ಆದ್ದರಿಂದ ಲಗತ್ತನ್ನು ಕಳಿಸುವ ದಿನವೇ ಸೇರಿಸಿ.

ಹೀಗಾಗಿ ನಾನು ಕರಡುಗಳನ್ನು ಎರಡಾಗಿ ವಿಂಗಡಿಸಿಕೊಂಡಿದ್ದೇನೆ. ಒಂದೆರಡು ದಿನದಲ್ಲಿ ಮುಗಿಯುವ ಉತ್ತರಗಳು ಮಟ್‌ನ ಪೆಟ್ಟಿಗೆಯಲ್ಲಿರುತ್ತವೆ. ವಾರಗಟ್ಟಲೆ ಯೋಚಿಸಿ ಬರೆಯುವ ಪತ್ರ ಪ್ರತಿಯೊಂದಕ್ಕೂ ಸ್ವಂತ ಹೆಸರಿನ ಒಂದು ಪಠ್ಯ ಕಡತವಿರುತ್ತದೆ. ಮೇಲೆ ‘ಟು’ ಮತ್ತು ‘ಸಬ್ಜೆಕ್ಟ್’ ಸಾಲುಗಳು, ಒಂದು ಖಾಲಿ ಸಾಲು, ಆಮೇಲೆ ಒಡಲು. ಅದನ್ನು ಮಟ್‌ಗೆ ದೊಡ್ಡಕ್ಷರದ ‘-ಎಚ್’ ಆಯ್ಕೆಯ ಮೂಲಕ ಕೊಟ್ಟರೆ ಪತ್ರವಾಗಿ ತೆರೆಯುತ್ತದೆ. ಬರೀ ‘-ಎಚ್’ ಕೊಟ್ಟರೆ ಮಟ್ ಕೆಲಸ ಮಾಡುವುದು ಒಂದು ನಕಲಿನ ಮೇಲೆ. ಜೊತೆಗೆ ದೊಡ್ಡಕ್ಷರದ ‘-ಇ’ ಸೇರಿಸಿದರೆ ತಿದ್ದುಪಡಿಗಳು ಮೂಲ ಕಡತದಲ್ಲೇ ಉಳಿಯುತ್ತವೆ. ಕಳಿಸಿದ ಮೇಲೂ ಕಡತ ಅಳಿಯುವುದಿಲ್ಲ, ಕಳಿಸಿದವನ್ನು ಬೇರೆ ಡೈರೆಕ್ಟರಿಗೆ ನೀವೇ ಸಾಗಿಸಬೇಕು. ಮರೆತರೆ ಅದೇ ಪತ್ರ ಎರಡು ಸಲ ಹೋಗುವ ಸಂಭವವಿದೆ. ಆದರೆ ಈ ಕಡತಗಳನ್ನು ಹಳೆಯ ಆವೃತ್ತಿಗಳನ್ನೂ ಕಾಪಾಡುವ ಗಿಟ್‌ನಲ್ಲಿ ಇಡಬಹುದು, ಪದ ಹುಡುಕುವ ‘ಗ್ರೆಪ್’ ಆಜ್ಞೆ ಹಾಕಿ ಹುಡುಕಬಹುದು, ಮಟ್ ಇಲ್ಲದ ಯಂತ್ರದಲ್ಲೂ ತಿದ್ದಬಹುದು.

ಈ ರೀತಿಯೇ ನಿಮಗೆ ಹಿಡಿಸಿದರೆ ‘ಎನ್‌ಎಂಎಚ್’ ಎಂಬ ಇಮೇಲ್ ಪ್ರೋಗ್ರಾಂ ನೋಡಿ. 1979ರ ಸುಮಾರಿಗೆ ರ‍್ಯಾಂಡ್ ಕಾರ್ಪೊರೇಷನ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ‘ಎಂಎಚ್’ನ ಮುಂದುವರಿಕೆ ಅದು, ಪ್ರತಿ ಪತ್ರವೂ ಅಂಕಿಯೇ ಹೆಸರಾದ ಒಂದು ಕಡತ. ಮೊದಲಿಗೆ ಅಲ್ಲಿಯೂ ಒಂದೇ ಕರಡಿಗೆ ಜಾಗ, ಆದರೆ ಪ್ರೊಫೈಲ್ ಕಡತದಲ್ಲಿ ‘ಡ್ರಾಫ್ಟ್-ಫೋಲ್ಡರ್’ ಎಂಬ ಒಂದು ಸಾಲು ಹಾಕಿದರೆ ಎಷ್ಟು ಕರಡುಗಳನ್ನು ಬೇಕಾದರೂ ಇಡಬಹುದು. ‘ಸ್ಕ್ಯಾನ್’ ಆಜ್ಞೆ ಅವನ್ನೆಲ್ಲ ಸಂಖ್ಯೆಯ ಸಮೇತ ತೋರಿಸುತ್ತದೆ, ‘ಕಾಂಪ್’ ಆಜ್ಞೆಗೆ ‘-ಯೂಸ್’ ಮತ್ತು ‘-ಡ್ರಾಫ್ಟ್‌ಮೆಸೇಜ್’ ಜೊತೆಗೆ ಆ ಸಂಖ್ಯೆ ಕೊಟ್ಟರೆ ಬೇಕಾದ ಕರಡು ತೆರೆಯುತ್ತದೆ. ಕರಡುಗಳ ಮಟ್ಟಿಗೆ ನಾನು ಬಳಸಿದ್ದರಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಇದೇ. ಎಚ್‌ಟಿಎಂಎಲ್ (ವೆಬ್ ಪುಟದ ರೂಪದ) ಪತ್ರಗಳನ್ನು ಓದುವ ತಾಪತ್ರಯದಿಂದಾಗಿ ಮಾತ್ರ ನಾನು ಮಟ್‌ಗೆ ಮರಳಿದೆ. ಒಂದೇ ಹೊತ್ತಿಗೆ ಹಲವು ಪತ್ರಗಳನ್ನು ತೆರೆದಿಟ್ಟುಕೊಳ್ಳಬೇಕೆಂದರೆ, 2020ರಲ್ಲಿ ಬಂದ ಮಟ್ 2.0ರಲ್ಲಿ ‘ಬ್ಯಾಕ್‌ಗ್ರೌಂಡ್_ಎಡಿಟ್’ ಎಂಬ ಸೌಲಭ್ಯ ಸೇರಿದೆ. ಎಡಿಟರ್ ಬೇರೆ ಕಿಟಕಿಯಲ್ಲಿ ತೆರೆಯುವಂತಿದ್ದರೆ ಅದು ಕೆಲಸಕ್ಕೆ ಬರುತ್ತದೆ.

ನಿಮ್ಮ ಡೆಡ್.ಲೆಟರ್‌ನಲ್ಲಿ ಈಗಲೂ ಒಂದು ಮುಖ್ಯ ಪತ್ರವಿದೆ ಎಂದು ಬರೆದಿದ್ದೀರಿ. ಮತ್ತೆ ಮೇಲ್‌ಎಕ್ಸ್ ತೆರೆಯುವ ಮೊದಲೇ ಅದನ್ನು ಬೇರೊಂದು ಹೆಸರಿಗೆ ನಕಲು ಮಾಡಿ, ಮೇಲೆ ‘ಟು’ ಮತ್ತು ‘ಸಬ್ಜೆಕ್ಟ್’ ಸಾಲುಗಳು ಇಲ್ಲದಿದ್ದರೆ ಸೇರಿಸಿ, ಒಡಲಿಗೂ ಅವಕ್ಕೂ ನಡುವೆ ಒಂದು ಖಾಲಿ ಸಾಲು ಬಿಟ್ಟು, ‘-ಎಚ್’ ಮತ್ತು ‘-ಇ’ ಕೊಟ್ಟು ಮಟ್‌ನಲ್ಲಿ ತೆರೆಯಿರಿ.