ನಿಮ್ಮ ಲೇಖನ ನಾಲ್ಕನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

'ವಿಜ್ಞಾನ ಯುಗದಲ್ಲಿ ಧರ್ಮದ ಸ್ಥಾನ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ 'ವಿಷಾದಿಸುತ್ತೇವೆ' ಎಂದು ಎರಡು ಸಾಲು ಗೀಚಿ ಕಳಿಸಲು ಮನಸ್ಸು ಬರಲಿಲ್ಲ. ನಾಲ್ಕನೇ ಪುಟದ ಕೆಳಗಿರುವ ಆರು ಸಾಲು ನನ್ನನ್ನು ಬಿಡಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟದಲ್ಲಿ ನೀವು ಹೇಳುವುದು ಇಷ್ಟು: ವಿಜ್ಞಾನ ಹೊರಗಿನದನ್ನು ನೋಡುತ್ತದೆ, ಧರ್ಮ ಒಳಗಿನದನ್ನು ನೋಡುತ್ತದೆ, ಎರಡೂ ಒಂದೇ ನಾಣ್ಯದ ಎರಡು ಮುಖ. ಇದನ್ನು ಯಾರೂ ಬೇಡ ಅನ್ನುವುದಿಲ್ಲ. ಬೇಡ ಅನ್ನುವವರೇ ಇಲ್ಲದ ಮಾತಿಗೆ ಮೂರು ಪುಟ ಯಾಕೆ?

ಐನ್‌ಸ್ಟೈನ್ ಮಾತಿನಿಂದ ಶುರು ಮಾಡಿದ್ದೀರಿ. ಧರ್ಮವಿಲ್ಲದ ವಿಜ್ಞಾನ ಕುಂಟು, ವಿಜ್ಞಾನವಿಲ್ಲದ ಧರ್ಮ ಕುರುಡು ಅನ್ನುವುದು. ನಮಗೆ ಬರುವ ಇಂಥ ಲೇಖನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರಿಂದಲೇ ಶುರುವಾಗುತ್ತವೆ. ಅದೇ ಮನುಷ್ಯ 1954ರಲ್ಲಿ ಒಂದು ಪತ್ರ ಬರೆದರು. ದೇವರು ಎಂಬ ಪದ ಮನುಷ್ಯರ ದೌರ್ಬಲ್ಯದಿಂದ ಹುಟ್ಟಿದ್ದು ಎಂದು ಅದರಲ್ಲಿ ಹೇಳಿದರು. ಹರಕೆಗೆ ಒಲಿಯುವ ದೇವರನ್ನು ಅವರು ಒಪ್ಪಿದವರಲ್ಲ. ಅವರ ಒಂದು ಸಾಲನ್ನು ಮಾತ್ರ ಎತ್ತಿಕೊಂಡು ನಮ್ಮ ಕಡೆಯ ಸಾಕ್ಷಿ ಮಾಡಿಕೊಳ್ಳುವುದು ಸರಿಯಲ್ಲ, ಅಲ್ವಾ? ಅದನ್ನು ತೆಗೆದುಬಿಡಿ.

ಇನ್ನೊಂದು, 'ಧರ್ಮ' ಅನ್ನುವ ಪದ. ಒಂದು ಕಡೆ ಅದು ನಿಮಗೆ ಮತ. ಇನ್ನೊಂದು ಕಡೆ ನೀತಿ. ಮತ್ತೊಂದು ಕಡೆ ಗುಡಿ, ಪೂಜೆ, ಜಾತ್ರೆ. ನಮ್ಮ ಮಾತಿನಲ್ಲಿ ಈ ಪದ ಎಲ್ಲ ಕೆಲಸಕ್ಕೂ ಒದಗುತ್ತದೆ. 'ಧರ್ಮಕ್ಕೆ ಸಿಕ್ಕಿತು' ಅಂದರೆ ದುಡ್ಡಿಲ್ಲದೆ ಸಿಕ್ಕಿತು ಎಂದು. ಧರ್ಮಾಸ್ಪತ್ರೆ, ಧರ್ಮಶಾಲೆ ಅನ್ನುತ್ತೇವೆ. ಯಾವ ಧರ್ಮಕ್ಕೆ ಜಾಗ ಇದೆ ಎಂದು ಕೇಳುತ್ತಿದ್ದೀರಿ ಅನ್ನುವುದು ಮೊದಲು ನಿಮಗೇ ಗಟ್ಟಿಯಾಗಬೇಕು.

ಈಗ ನಾಲ್ಕನೇ ಪುಟ.

ನಿಮ್ಮ ಕಾಕಾನಿಗೆ ಬಾಯಿ ಕ್ಯಾನ್ಸರ್. ಬಾಗಲಕೋಟೆ ಕಡೆಯಿಂದ ಇಲ್ಲಿ ಮುಂಬೈಗೆ, ಪರೇಲಿನ ಟಾಟಾ ಆಸ್ಪತ್ರೆಗೆ ಕರೆದುಕೊಂಡು ಬಂದಿರಿ. ರೇಡಿಯೇಶನ್‌ಗೆ ಮಲಗಿಸುವ ಮುಂಚೆ ಕೊರಳಲ್ಲಿರುವುದನ್ನೆಲ್ಲ ತೆಗೆಯಲು ಹೇಳಿದರು. ಕಾಕಾ ಶಿವದಾರ ತೆಗೆದರು. ಬೆಳ್ಳಿ ಕರಡಿಗೆಯನ್ನು ನಿಮ್ಮ ಕೈಗೆ ಕೊಟ್ಟರು. ಒಳಗಿನ ಇಷ್ಟಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎಡಗೈಯಲ್ಲಿ ಮುಚ್ಚಿಕೊಂಡರು. ಟೆಕ್ನೀಶಿಯನ್ ಅದನ್ನು ನೋಡಿ, 'ಕೈ ಅಲುಗಾಡಬಾರದು, ಅಷ್ಟೇ' ಅಂದ. ಖಾಲಿ ಕರಡಿಗೆ ನಿಮ್ಮ ಅಂಗೈಯಲ್ಲಿ ಬೆಚ್ಚಗಿತ್ತು.

ಆ ಬೆಚ್ಚಗಿನ ಕರಡಿಗೆಯಿಂದ ಲೇಖನ ಶುರುವಾಗಬೇಕು. ನೀವು ಕೇಳುವ ಪ್ರಶ್ನೆ ಪೂರ್ತಿ ಆ ಕೋಣೆಯಲ್ಲೇ ಇದೆ.

ಆದರೆ ಅಲ್ಲಿ ವಿಜ್ಞಾನವನ್ನು 'ಯಂತ್ರ' ಎಂಬ ಒಂದು ಪದದಲ್ಲಿ ಮುಗಿಸಿದ್ದೀರಿ. ಕಾಕಾನ ಎಡಗೈ ನೋಡಿದಷ್ಟೇ ಹತ್ತಿರದಿಂದ ಆ ಯಂತ್ರವನ್ನೂ ನೋಡಿ. ಟಾಟಾ ಆಸ್ಪತ್ರೆ ಶುರುವಾದದ್ದು 1941ರಲ್ಲಿ. 1962ರಿಂದ ಅದು ಕೇಂದ್ರದ ಅಣುಶಕ್ತಿ ಇಲಾಖೆಯ ಕೈಯಲ್ಲಿದೆ. ಟ್ರಾಂಬೆಯಲ್ಲಿ ರಿಯಾಕ್ಟರ್ ನಡೆಸುವ ಇಲಾಖೆಯೇ ಪರೇಲಿನಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತದೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರು (ಬಾರ್ಕ್) ಕೋಬಾಲ್ಟ್ ಕಿರಣದಿಂದ ಚಿಕಿತ್ಸೆ ಕೊಡುವ ಭಾಭಾಟ್ರಾನ್ ಎಂಬ ಯಂತ್ರವನ್ನೂ ಮಾಡಿದ್ದಾರೆ. ವಾರಕ್ಕೆ ಐದು ದಿನದಂತೆ ಆರು ವಾರ ಯಾಕೆ, ಒಂದೇ ದಿನ ಯಾಕೆ ಕೊಡುವುದಿಲ್ಲ ಎಂದು ಕಾಕಾ ಕೇಳಿದ್ದನ್ನು ಬರೆದಿದ್ದೀರಿ. ಉತ್ತರ ಬರೆದಿಲ್ಲ. ಕಿರಣ ಜೀವಕೋಶದ ಡಿಎನ್‌ಎಯನ್ನು ಮುರಿಯುತ್ತದೆ. ಒಳ್ಳೆಯ ಕೋಶ ದಿನದಿಂದ ದಿನಕ್ಕೆ ಅದನ್ನು ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅದು ಅಷ್ಟು ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಸ್ವಲ್ಪ ಸ್ವಲ್ಪ. ಮುಖಕ್ಕೆ ಹಾಕುವ ಜಾಲರಿಯಂಥ ಮಾಸ್ಕ್ ಬಿಸಿ ನೀರಲ್ಲಿ ಮೆತ್ತಗಾಗುತ್ತದೆ, ಮುಖದ ಮೇಲೆ ಕೂತು ಗಟ್ಟಿಯಾಗುತ್ತದೆ. ಅದರಡಿ ಕಾಕಾ ಕಣ್ಣು ಮುಚ್ಚಿಕೊಂಡಿದ್ದರೋ, ತೆರೆದಿದ್ದರೋ? ಕೇಳಿ ಬರೆಯಿರಿ.

ಇನ್ನು ಕಷ್ಟದ ಮಾತು. 'ಮೊದಲ ಮೂರು ತಿಂಗಳು ಊರಲ್ಲೇ ಹರಕೆ, ನಾಟಿ ಔಷಧಿ ಆಯಿತು' ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಕ್ಯಾನ್ಸರಿಗೆ ಮೂರು ತಿಂಗಳು ಅಂದರೆ ಕಡಿಮೆಯಲ್ಲ. ಬಾಯಿಯ ಹುಣ್ಣು ಬೂದಿಯಿಂದ ವಾಸಿಯಾಗುತ್ತದೆ ಎಂದು ಯಾರೋ ಹೇಳಿದರು, ಮನೆಯವರು ನಂಬಿದರು. ಯಂತ್ರದ ಕೆಳಗೆ ಕಾಕಾನ ಧೈರ್ಯ ಹಿಡಿದು ನಿಲ್ಲಿಸಿದ್ದು ನಂಬಿಕೆ. ಮೂರು ತಿಂಗಳು ನುಂಗಿದ್ದೂ ನಂಬಿಕೆ. ಈ ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ನೋಡುವ ಧೈರ್ಯ ನೀವು ಮಾಡಬೇಕು. ಮನೆಯವರಿಗೆ ನೋವಾಗುತ್ತದೆ ಅನ್ನುವುದು ಗೊತ್ತು. ಆದರೂ ಬರೆಯಬೇಕು.

ನಂಬಿಕೆಗೂ ಮೂಢನಂಬಿಕೆಗೂ ನಡುವೆ ಗೆರೆ ಎಲ್ಲಿ ಎಳೆಯುವುದು ಎಂದು ನೀವು ಕೇಳಬಹುದು. ನಾವಿರುವ ಈ ಮಹಾರಾಷ್ಟ್ರದಲ್ಲೇ ಅದನ್ನು ಎಳೆಯಲು ಒಬ್ಬರು ಜೀವ ಕೊಟ್ಟಿದ್ದಾರೆ. ಮೂಢನಂಬಿಕೆಯ ವಿರುದ್ಧ ಹೋರಾಡಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ಗುಂಡಿಟ್ಟು ಕೊಂದರು. ಮಾಟ-ಮಂತ್ರದ ಮೋಸ ತಡೆಯಲು ಅವರು ವರ್ಷಗಟ್ಟಲೆ ಕೇಳಿದ ಕಾನೂನು ಅದೇ ಡಿಸೆಂಬರ್‌ನಲ್ಲಿ ಪಾಸಾಯಿತು. ಅದನ್ನು ತರಿಸಿ ಓದಿ. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅದರಲ್ಲಿ ಅಪರಾಧ. ಭಜನೆ, ಕೀರ್ತನೆ, ಹರಿಕಥೆ, ಯಾತ್ರೆ ಅಪರಾಧವಲ್ಲ ಎಂದೂ ಬರೆದಿದೆ. 'ಮೂಢನಂಬಿಕೆ ತೊಲಗಲಿ' ಎಂಬ ನಿಮ್ಮ ಕೊನೆಯ ಸಾಲಿಗಿಂತ ಇದು ಎಷ್ಟೋ ಗಟ್ಟಿ.

ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ, ನೀವು ಒಪ್ಪಬೇಕಿಲ್ಲ. ನಿಮ್ಮ ಚಿಗವ್ವ ಡಾಕ್ಟರನ್ನು 'ನಮಗೇ ಯಾಕೆ ಹಿಂಗಾತು?' ಎಂದು ಕೇಳಿದರು. ಡಾಕ್ಟರು 'ತಂಬಾಕು' ಅಂದರು. ಉತ್ತರ ಸರಿಯಾದದ್ದು, ಅದನ್ನು ಯಾವ ಸ್ವಾಮಿಯೂ ಬದಲಿಸಲಾರರು. ಆದರೂ ಚಿಗವ್ವ ಅಳುತ್ತಲೇ ಇದ್ದರು. ಅವರು ಕೇಳಿದ್ದು ಕಾರಣವನ್ನಲ್ಲ. ಅಲ್ಲಿ ಧರ್ಮ ಬಂದು 'ಹಿಂದಿನ ಜನ್ಮದ ಪಾಪ' ಅಂದರೆ ಅದು ಗಾಯಕ್ಕೆ ಉಪ್ಪು. ಕಾರಣ ಹೇಳುವ ಕೆಲಸವನ್ನು ಧರ್ಮ ಬಿಟ್ಟುಕೊಡಬೇಕು, ಪೂರ್ತಿಯಾಗಿ. ಚಿಗವ್ವನ ಪಕ್ಕದಲ್ಲಿ ಕೂರುವ ಕೆಲಸ ಮಾತ್ರ ಅದಕ್ಕೆ ಇನ್ನೂ ಉಳಿದಿದೆ ಎಂದು ನನಗನ್ನಿಸುತ್ತದೆ.

ನೀವೆಲ್ಲ ಉಳಿದುಕೊಂಡದ್ದು ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲಿ. ಅದನ್ನು ಬರೀ ವಿಳಾಸದಂತೆ ಬರೆದಿದ್ದೀರಿ. ಗಾಡಗೆ ಬಾಬಾ ಯಾರು ಗೊತ್ತಾ? ಕೈಯಲ್ಲಿ ಪೊರಕೆ ಹಿಡಿದು ಊರಿಗೆ ಬರುತ್ತಿದ್ದರು. ಹಗಲು ಬೀದಿ ಗುಡಿಸಿ, ರಾತ್ರಿ ಕೀರ್ತನೆ ಮಾಡಿ, ದೇವರಿಗೆ ಕುರಿ ಕೋಳಿ ಕಡಿಯಬೇಡಿ ಎಂದು ಜನಕ್ಕೆ ಬೈಯುತ್ತಿದ್ದರು. 1956ರಲ್ಲಿ ತೀರಿಕೊಂಡರು. ಅವರ ಹೆಸರಿನ ಕಟ್ಟಡದಲ್ಲಿ ಚಾಪೆ ಹಾಸಿಕೊಂಡು ಬೆಳಿಗ್ಗೆ ಎದ್ದು ನಿಮ್ಮ ಕಾಕಾ ಅಣುಶಕ್ತಿ ಇಲಾಖೆಯ ಆಸ್ಪತ್ರೆಗೆ ನಡೆದುಕೊಂಡು ಹೋದರು. ಆ ದಾರಿಯನ್ನು ಬರೆಯಿರಿ. ಯಾವ ಗಲ್ಲಿ, ಚಹಾ ಎಲ್ಲಿ, ನುಂಗಲು ಆಗದ ದಿನ ಕಾಕಾ ಏನು ಕುಡಿದರು.

ಮೂರು ಪುಟ ಸಾಕು. ತಿದ್ದಿ ಕಳಿಸಿ, ನಾನೇ ಓದುತ್ತೇನೆ. ಮತ್ತೆ, ಕಾಕಾ ಈಗ ಹೇಗಿದ್ದಾರೆ ಎಂದು ಲೇಖನದಲ್ಲಿ ಎಲ್ಲೂ ಇಲ್ಲ. ಅದನ್ನು ಲೇಖನಕ್ಕೆ ಕಾಯದೆ ಮೊದಲೇ ತಿಳಿಸಿ.