ಧಾರವಾಡಕ್ಕೆ ಹೋಗದ ತಮ್ಮ

ಶಿರಸಿಯ ಕಡೆಯ ನಿವೃತ್ತ ಗಣಿತ ಮಾಸ್ತರರು, ವಯಸ್ಸು 69. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದವರು ಐದೇ ನಿಮಿಷಕ್ಕೆ ದುಡ್ಡಿನ ಮಾತಿಗೆ ಇಳಿದರು. ಉಳಿತಾಯದಲ್ಲಿ 15 ಲಕ್ಷ ರೂಪಾಯಿಯನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟು, ಗಣಿತ ಮತ್ತು ವಿಮಾಗಣಿತ (ವಿಮೆಯ ಅಪಾಯ, ಕಂತುಗಳ ಲೆಕ್ಕ ಹಾಕುವ ಶಾಸ್ತ್ರ) ಓದುವವರಿಗೆ ತೀರಿಹೋದ ತಮ್ಮನ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಡಬೇಕು. ಹೆಂಡತಿ ಒಪ್ಪುತ್ತಿಲ್ಲ. ‘ಒಳ್ಳೆಯ ಕೆಲಸಕ್ಕೂ ಅಡ್ಡಿಯೇ, ಮೇಡಂ?’

ಚೀಲದಿಂದ ತಮ್ಮನ ಲೆಕ್ಕದ ಪುಸ್ತಕ ತೆಗೆದರು. ಎಡಪುಟದಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೂಲಿ, ಚಾಲಿಯ (ಒಣಗಿಸಿ ಸುಲಿದ ಅಡಿಕೆ) ದರ. ಬಲಪುಟದಲ್ಲಿ ಪೆನ್ಸಿಲಿನ ಗುಣಾಕಾರ: ನಲವತ್ತು ದಾಟಿದವನ ವಿಮೆಯ ಕಂತು ಇಪ್ಪತ್ತರವನದಕ್ಕಿಂತ ಎಷ್ಟು ಹೆಚ್ಚಿರಬೇಕು? ತೋಟದ ಜೊತೆಗೆ ಎಲ್‌ಐಸಿ ಏಜೆಂಟನೂ ಆಗಿದ್ದ ತಮ್ಮ, ಅಚ್ಚಾದ ಕೋಷ್ಟಕ ನೋಡಿ ಸುಮ್ಮನಾಗದೆ ತಾನೇ ಲೆಕ್ಕ ಹಾಕುತ್ತಿದ್ದನಂತೆ. 1970ರ ದಶಕದಲ್ಲಿ ಅಪ್ಪನಿಗೆ ಒಬ್ಬನನ್ನು ಮಾತ್ರ ಓದಲು ಧಾರವಾಡಕ್ಕೆ ಕಳುಹಿಸುವ ತಾಕತ್ತಿತ್ತು. ಹೋದದ್ದು ಅಣ್ಣ.

‘ಅವನೇ ನನಗಿಂತ ಚುರುಕು’ ಎಂದು ಮೂರು ಸಲ ಹೇಳಿದರು.

ತಮ್ಮನ ಮನೆಯವರು ಹೇಗಿದ್ದಾರೆ ಎಂದು ಕೇಳಿದೆ. ಪುಸ್ತಕ ಮುಚ್ಚಿದರು. ತಡವಾಗಿ ಮದುವೆಯಾದ ತಮ್ಮನಿಗೆ ಒಬ್ಬಳೇ ಮಗಳು, ಕಾರವಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ. ಹಾಸ್ಟೆಲ್ ಫೀಸಿಗೆ ತಾಯಿ ಸೊಸೈಟಿಯಲ್ಲಿ ಸಾಲ ಮಾಡಿದ್ದಾರೆ. ತಮ್ಮನ ವರ್ಷಾಂತದ ಕ್ರಿಯೆ ಮುಗಿದ ಮೇಲೆ ಇವರು ಆ ಮನೆಯ ಮೆಟ್ಟಿಲು ಹತ್ತಿಲ್ಲ.

ಸ್ವಲ್ಪ ಒರಟಾಗಿಯೇ ಹೇಳಿದೆ: ‘ಗುರುತಿಲ್ಲದ ಮಕ್ಕಳಿಗೆ ಕೊಡುವುದು ನಿಮಗೆ ಸುಲಭ, ಅವರು ಹಳೆಯದನ್ನು ಎತ್ತುವುದಿಲ್ಲ. ಆ ಜಗಲಿಯಲ್ಲಿ ಕುಳಿತರೆ ಎತ್ತಬಹುದು.’ ಮಾಸ್ತರರು ಸಿಟ್ಟಿನಿಂದ ಎದ್ದು ಹೋದರು. ಮುಂದಿನ ವಾರ ಹೆಂಡತಿಯನ್ನೂ ಕರೆದುಕೊಂಡು ಬಂದರು. ತನ್ನನ್ನು ಒಂದು ಮಾತು ಕೇಳದೆ ಠೇವಣಿ ಮುರಿಯಲು ಹೊರಟರೆಂಬುದೇ ಹೆಂಡತಿಯ ತಕರಾರು.

ಕೊಟ್ಟ ಸಲಹೆ ಇದು. ಮೊದಲು ತಮ್ಮನ ಮನೆಗೆ ಹೋಗಿ, ಜೇಬಿನಲ್ಲಿ ಚೆಕ್ ಇಟ್ಟುಕೊಳ್ಳದೆ. ಮಾತಾದ ಮೇಲೆ ಮಗಳ ಫೀಸಿನ ಹೊಣೆಯನ್ನು ಕೇಳಿ ಪಡೆಯಿರಿ. ಔಷಧ, ಆಸ್ಪತ್ರೆಗೆಂದು ಇಬ್ಬರೂ ಒಪ್ಪುವಷ್ಟು ತೆಗೆದಿಟ್ಟು ಉಳಿದದ್ದನ್ನು ದತ್ತಿನಿಧಿಗೆ ಕೊಡಿ. ದತ್ತಿಯಲ್ಲಿ ಅಸಲು ಹಾಗೇ ಉಳಿದು ಬಡ್ಡಿ ಮಾತ್ರ ಖರ್ಚಾಗುತ್ತದೆ. 10 ಲಕ್ಷಕ್ಕೆ ಶೇ. 7ರಂತೆ ವರ್ಷಕ್ಕೆ 70 ಸಾವಿರ. (ಈ ಲೆಕ್ಕ ಅವರು ನನಗಿಂತ ಮೊದಲೇ ಮುಗಿಸಿದ್ದರು.) ಚೆಕ್ಕಿನಲ್ಲೇ ಕೊಡಿ, 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಚೆಕ್ಕಿಗೂ ಇಲ್ಲ.

ಇನ್ನು ವಿಮಾಗಣಿತ. ಪದವಿಯಿಂದಷ್ಟೇ ಯಾರೂ ಆಕ್ಚುರಿ (ವಿಮಾಗಣಿತ ತಜ್ಞ) ಆಗುವುದಿಲ್ಲ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುರೀಸ್ ಆಫ್ ಇಂಡಿಯಾದ ಪರೀಕ್ಷೆಗಳನ್ನು ಒಂದೊಂದು ಪತ್ರಿಕೆಯಾಗಿ ವರ್ಷಗಟ್ಟಲೆ ಬರೆಯಬೇಕು, ಪ್ರತಿಯೊಂದಕ್ಕೂ ಬೇರೆ ಶುಲ್ಕ. ಕಾಲೇಜು ಫೀಸಿಗೆ ಮಾತ್ರ ಎಂದು ದತ್ತಿಪತ್ರದಲ್ಲಿ ಬರೆದರೆ ಆ ಶುಲ್ಕಕ್ಕೆ ದುಡ್ಡು ಸಿಗದು, ಅದನ್ನೂ ಸೇರಿಸಿ. ವಿದ್ಯಾರ್ಥಿ ಪ್ರತಿವರ್ಷ ಮನೆಗೆ ಬಂದು ನಮಸ್ಕರಿಸಬೇಕು ಎಂಬ ಷರತ್ತನ್ನು ಅವರ ಹೆಂಡತಿಯೇ ಹೊಡೆದುಹಾಕಿದರು.

ದತ್ತಿಪತ್ರಕ್ಕೆ ಇನ್ನೂ ಸಹಿಯಾಗಿಲ್ಲ. ಕಳೆದ ಸಲ ತಂದ ಕರಡಿನಲ್ಲಿ ಹೆಸರಿನ ಜಾಗ ಖಾಲಿ ಇತ್ತು. ‘ದೊಡ್ಡಪ್ಪ, ಅಪ್ಪನ ಹೆಸರು ಪೂರ್ತಿ ಬರೆಯಿರಿ, ಇನಿಷಿಯಲ್ ಬೇಡ’ ಎಂದು ಹುಡುಗಿ ಹೇಳಿದ್ದಾಳಂತೆ.